ಹೋಳಿಗೆ ಎಷ್ಟು, ಚಕ್ಕುಲಿ ಎಷ್ಟು? ಗ್ರಾಫ್ ಹೇಳುತ್ತದೆ!



ಮನೆಯಲ್ಲಿ ಹನ್ನೆರಡನೇ ತರಗತಿಯ ಮಗುವಿದ್ದರೆ ದೆಹಲಿಯ ಚಳಿಯ ಜೊತೆಗೆ ಬೋರ್ಡ್ ಪರೀಕ್ಷೆಯ ನಡುಕವೂ ಶುರುವಾಗುತ್ತದೆ. ಗಣಿತ ಪುಸ್ತಕದ ಕೊನೆಯ ಪಾಠಗಳಲ್ಲಿ ಒಂದು ‘ಲೀನಿಯರ್ ಪ್ರೋಗ್ರಾಮಿಂಗ್’. ಇಲ್ಲಿನ ಸಿ.ಬಿ.ಎಸ್.ಇ. ಮಕ್ಕಳಿಗೂ, ಊರಿನಲ್ಲಿ ದ್ವಿತೀಯ ಪಿ.ಯು.ಸಿ. ಓದುವ ಅವರ ಅಣ್ಣ-ತಂಗಿಯರಿಗೂ ಇದೇ ಪಾಠ. ಹೆಸರು ಕೇಳಿ ಗಾಬರಿಯಾಗಬೇಡಿ. ಇಲ್ಲಿ ಪ್ರೋಗ್ರಾಮಿಂಗ್ ಎಂದರೆ ಕಂಪ್ಯೂಟರ್ ಕೆಲಸವಲ್ಲ; ಇರುವುದರಲ್ಲೇ ಹೆಚ್ಚು ಪಡೆಯುವ ಯೋಜನೆ. ಅಡುಗೆಮನೆಯಿಂದಲೇ ಶುರು ಮಾಡೋಣ, ಬನ್ನಿ.

ನವೆಂಬರಿನಲ್ಲಿ ರಾವ್ ತುಲಾರಾಮ್ ಮಾರ್ಗದ ದೆಹಲಿ ಕರ್ನಾಟಕ ಸಂಘದಲ್ಲಿ ರಾಜ್ಯೋತ್ಸವ, ನೀವೂ ನಿಮ್ಮ ಗೆಳತಿಯೂ ತಿಂಡಿ ಮಳಿಗೆ ಹಾಕುತ್ತೀರಿ ಎಂದುಕೊಳ್ಳಿ. ಇಬ್ಬರೂ ತಲಾ 8 ಗಂಟೆ ದುಡಿದರೆ ಕೈಕೆಲಸಕ್ಕೆ 16 ಗಂಟೆ. ಒಲೆ ಸಿಗುವುದು 10 ಗಂಟೆ. ಒಂದು ಒಬ್ಬೆ ಹೋಳಿಗೆಗೆ ಕೈಕೆಲಸ 2 ಗಂಟೆ, ಒಲೆ 1 ಗಂಟೆ. ಲಾಭ 300 ರೂಪಾಯಿ. ಒಂದು ಒಬ್ಬೆ ಚಕ್ಕುಲಿಗೆ ಕೈಕೆಲಸ 1 ಗಂಟೆ, ಒಲೆ 1 ಗಂಟೆ, ಲಾಭ 200.

ಹೋಳಿಗೆಗೇ ಲಾಭ ಜಾಸ್ತಿ, ಅದನ್ನೇ ಮಾಡೋಣ ಎನ್ನುತ್ತೀರಾ? 8 ಒಬ್ಬೆಗೆ ಕೈ ಸೋಲುತ್ತದೆ, ಒಲೆ 2 ಗಂಟೆ ಸುಮ್ಮನಿರುತ್ತದೆ. ಸಿಕ್ಕಿದ್ದು 2400.

ಈಗ ಗ್ರಾಫ್ ಹಾಳೆ ತೆಗೆಯಿರಿ. ಅಡ್ಡಗೆರೆಯ ಮೇಲೆ ಹೋಳಿಗೆ (ಎಕ್ಸ್), ಲಂಬಗೆರೆಯ ಮೇಲೆ ಚಕ್ಕುಲಿ (ವೈ). ಕೈಕೆಲಸದ ಮಿತಿ: 2ಎಕ್ಸ್ + ವೈ 16ನ್ನು ಮೀರಬಾರದು. ಅಡ್ಡಗೆರೆಯ 8, ಲಂಬಗೆರೆಯ 16 ಸೇರಿಸಿ ಗೆರೆ ಎಳೆಯಿರಿ. ಒಲೆಯ ಮಿತಿ: ಎಕ್ಸ್ + ವೈ 10ನ್ನು ಮೀರಬಾರದು. ಎರಡೂ ಕಡೆಯ 10 ಸೇರಿಸಿ. ಗೆರೆಯ ಯಾವ ಬದಿ ನಮ್ಮದು? ಮಕ್ಕಳು ಎಡವುವುದೇ ಇಲ್ಲಿ. ಎರಡಕ್ಕೂ ಸೊನ್ನೆ ಹಾಕಿ ನೋಡಿ; ಷರತ್ತು ಸರಿಯಾದರೆ ಮೂಲಬಿಂದುವಿನ ಬದಿಯೇ ನಮ್ಮದು. ಎರಡೂ ಗೆರೆಗಳ ಒಳಗೆ ಉಳಿದ ಜಾಗವೇ ನಮ್ಮ ಅಂಗಳ. ಅದರ ಮೂಲೆಗಳು ನಾಲ್ಕು: (0,0), (8,0), (6,4), (0,10). ಲಾಭ ಕ್ರಮವಾಗಿ 0, 2400, 2600, 2000. ಉತ್ತರ: 6 ಒಬ್ಬೆ ಹೋಳಿಗೆ, 4 ಒಬ್ಬೆ ಚಕ್ಕುಲಿ!

ಮೂಲೆಗಳನ್ನು ಮಾತ್ರ ನೋಡಿದರೆ ಸಾಕೇ? ಸಾಕು. 1200 ರೂಪಾಯಿ ಲಾಭ 4 ಒಬ್ಬೆ ಹೋಳಿಗೆಯಿಂದಲೂ ಬರುತ್ತದೆ, 6 ಒಬ್ಬೆ ಚಕ್ಕುಲಿಯಿಂದಲೂ ಬರುತ್ತದೆ. ಆ ಎರಡು ಬಿಂದುಗಳ ಮೇಲೆ ಸ್ಕೇಲ್ ಇಡಿ. ಓರೆ ಬದಲಿಸದೆ ಹೊರಕ್ಕೆ ಸರಿಸುತ್ತಾ ಹೋಗಿ, ಲಾಭ ಏರುತ್ತದೆ. ಅಂಗಳ ಬಿಡುವ ಮುನ್ನ ಸ್ಕೇಲ್ ಕೊನೆಗೆ ಮುಟ್ಟುವುದು ಒಂದು ಮೂಲೆಯನ್ನೇ. ಅಂಚಿಗೆ ಸಮನಾಗಿ ಕೂತರೆ ಆ ಅಂಚಿನ ಎರಡೂ ಮೂಲೆಗಳು ಉತ್ತರವೇ.

ಇನ್ನೊಂದು ಲಾಭವಿದೆ. ಒಲೆ ಇನ್ನೊಂದು ಗಂಟೆ ಸಿಕ್ಕರೆ ಮೂಲೆ (5,6)ಕ್ಕೆ ಸರಿದು ಲಾಭ 2700 ಆಗುತ್ತದೆ. ಅಂದರೆ ಆ ಗಂಟೆಗೆ 100 ರೂಪಾಯಿಗಿಂತ ಹೆಚ್ಚು ಬಾಡಿಗೆ ಕೇಳಿದರೆ ಬೇಡವೆನ್ನಿ!

ಒಂದು ಎಚ್ಚರಿಕೆ. ಮೂಲೆ ಐದೂವರೆ ಒಬ್ಬೆಗೆ ಬಿದ್ದರೆ ಸುಮ್ಮನೆ ಐದೋ ಆರೋ ಎನ್ನುವಂತಿಲ್ಲ; ಮತ್ತೆ ಲೆಕ್ಕ ಹಾಕಬೇಕು. ಮಳಿಗೆಗೆ ಕೋಡುಬಳೆ, ನಿಪ್ಪಟ್ಟು ಎಲ್ಲ ಸೇರಿದರೆ ಹಾಳೆಯ ಎರಡು ಗೆರೆ ಸಾಲದು. ಅದಕ್ಕಾಗಿಯೇ ಅಮೆರಿಕದ ಜಾರ್ಜ್ ಡಾಂಟ್ಜಿಗ್ 1947ರಲ್ಲಿ ‘ಸಿಂಪ್ಲೆಕ್ಸ್’ ವಿಧಾನ ರೂಪಿಸಿದರು. ಅದೂ ಮೂಲೆಯಿಂದ ಮೂಲೆಗೆ ನಡೆಯುವ ದಾರಿಯೇ.

ಇವತ್ತು ರಾತ್ರಿ ಊಟದ ನಂತರ ಮಗುವಿನ ಪಕ್ಕ ಸ್ಕೇಲ್ ಹಿಡಿದು ಕುಳಿತುಕೊಳ್ಳಿ. ಇಂಗ್ಲಿಷಿನಲ್ಲಿ ಹೆದರಿಸಿದ ಪಾಠ ಕನ್ನಡದಲ್ಲಿ ಎಷ್ಟು ಸಲೀಸು ಎಂದು ನಿಮಗೇ ತಿಳಿಯುತ್ತದೆ. ಮತ್ತೆ ಸಿಗೋಣ!