ಸುರುಳಿಯಿಲ್ಲದ ಶೋಧಕ

ಹಳೆಯ ಬಾನುಲಿ ಪೆಟ್ಟಿಗೆಯೊಂದರ ಹಿಂಬದಿಯ ಹಲಗೆಯನ್ನು ಬಿಚ್ಚಿ ನೋಡಿದರೆ, ಒಂದರೊಳಗೊಂದು ಸರಿಯುವ ಅಲ್ಯುಮಿನಿಯಂ ತಗಡುಗಳ ಕಂಡೆನ್ಸರೂ, ಅದರ ಬಳಿಯಲ್ಲೇ ತಾಮ್ರದ ತಂತಿಯ ಸುರುಳಿಯೂ ಕಾಣುವುವು. ಇವೆರಡೂ ಕೂಡಿ ಯಾವ ಆವೃತ್ತಿಗೆ ಅನುರಣಿಸುವುವೋ ಆ ನಿಲಯದ ಅಲೆ ಬಲಗೊಂಡು ಉಳಿದವು ಹಿಂದುಳಿಯುವುವು. 200 ಮೈಕ್ರೊಹೆನ್ರಿಯ ಸುರುಳಿಗೆ ಸುಮಾರು 338 ಪಿಕೊಫ್ಯಾರಡ್ ಧಾರಕತೆ ಜೊತೆಯಾದರೆ, ಬೆಂಗಳೂರು ಆಕಾಶವಾಣಿಯ ಮಧ್ಯಮತರಂಗವೆಂದು ಬಹುಕಾಲದಿಂದ ಹೆಸರಾದ 612 ಕಿಲೊಹರ್ಟ್ಸ್ ದೊರೆಯುವುದೆಂದು ಲೆಕ್ಕದಿಂದ ತಿಳಿಯಬಹುದು. ಬೇಡವಾದುದನ್ನು ತಡೆದು ಬೇಕಾದುದನ್ನು ಒಳಬಿಡುವ ಇಂತಹ ಮಂಡಲಕ್ಕೆ ಶೋಧಕವೆಂದು ಹೆಸರು.

ಈ ಪೆಟ್ಟಿಗೆಯನ್ನು ತರಗತಿಯಲ್ಲಿ ತೋರಿಸುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು, “ನಮ್ಮ ಮೊಬೈಲಿನಲ್ಲಿ ಈ ತಗಡುಗಳೆಲ್ಲಿವೆ?” ಎಂದು ಕೇಳಿದಳು. ಕೂಡಲೆ ಸಮರ್ಪಕವಾದ ಉತ್ತರ ಕೊಡಲು ನಮಗೆ ಸಾಧ್ಯವಾಗಲಿಲ್ಲ. ಮೊಬೈಲಿನಲ್ಲಿ ತಗಡುಗಳಿಲ್ಲ, 900, 1800, 2100, 2300 ಮೆಗಾಹರ್ಟ್ಸ್ ಎಂಬ ಒಂದೊಂದು ಪಟ್ಟಿಗೂ ಬೇರೆ ಬೇರೆ ಶೋಧಕಗಳಿವೆ. ಇವು ಸ್ಫಟಿಕದಲ್ಲಿ ಯಾಂತ್ರಿಕ ಕಂಪನವನ್ನೆಬ್ಬಿಸಿ ಸೋಸುವ ಬಿಡಿ ತುಣುಕುಗಳು. ಕೆಲಸದಲ್ಲಿ ಬಲು ನಿಪುಣ, ಆದರೆ ಹುಟ್ಟಿದ ಶ್ರುತಿಯನ್ನು ಬಿಟ್ಟು ಕದಲವು. ಒಂದು ದೇಶಕ್ಕೆಂದು ಮಾಡಿದ ಫೋನು ಮತ್ತೊಂದು ದೇಶದ ಕೆಲವು ಪಟ್ಟಿಗಳಿಗೆ ಕಿವುಡಾಗುವುದಕ್ಕೆ ಇದೂ ಒಂದು ಕಾರಣ. ಇವೆಲ್ಲಕ್ಕೂ ಬದಲಾಗಿ, ಗುಂಡಿ ತಿರುಗಿಸಿದಂತೆ ಶ್ರುತಿ ಬದಲಿಸುವ ಒಂದೇ ಶೋಧಕವನ್ನು ಸಿಲಿಕಾನ್ ಚಿಪ್‌ನೊಳಗೇ ಕಟ್ಟಲಾಗದೆ?

ಮೊದಲ ತೊಡಕು ಸುರುಳಿಯದು. ಚಿಪ್‌ನ ಮೇಲೆ ಚಕ್ಕುಲಿಯಂತೆ ಚಪ್ಪಟೆಯಾಗಿ ಸುತ್ತಿದ ಲೋಹದ ಗೆರೆಯೇ ಸುರುಳಿ. 1990ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಙುಯೆನ್ ಮತ್ತು ಮೇಯರ್ ಇದು ಸಾಧ್ಯವೆಂದು ತೋರಿಸಿದರು. ಆದರೆ ಕಾಲು ಮಿಲಿಮೀಟರು ಅಗಲದ ಸುರುಳಿಯಿಂದ ದೊರೆಯುವುದು ಕೆಲವೇ ನ್ಯಾನೊಹೆನ್ರಿ. ಲೋಹ ತೆಳು; ಕೆಳಗಿನ ಸಿಲಿಕಾನಿನಲ್ಲಿಯೂ ವಿದ್ಯುತ್ತು ಸೋರುವುದು. ಆದುದರಿಂದ ಕೇಂದ್ರದ ಆವೃತ್ತಿಯನ್ನು ಪಟ್ಟಿಯ ಅಗಲದಿಂದ ಭಾಗಿಸಿದರೆ ಬರುವ ‘ಗುಣಾಂಕ’ ಹತ್ತರ ಆಸುಪಾಸಿನಲ್ಲೇ ನಿಂತುಬಿಡುವುದು. 900 ಮೆಗಾಹರ್ಟ್ಸ್‌ನಲ್ಲಿ ಅದು 90 ಮೆಗಾಹರ್ಟ್ಸ್ ಅಗಲದ ಹೆಬ್ಬಾಗಿಲು, ಜಿ.ಎಸ್.ಎಂ. ಫೋನು ಆಲಿಸಬೇಕಾದ ಪಟ್ಟಿಯಾದರೋ 935ರಿಂದ 960ರ ವರೆಗೆ, 25 ಮಾತ್ರ. ಸಾಲದುದಕ್ಕೆ, ಚಿಪ್‌ನ ಕಂಡೆನ್ಸರುಗಳ ಬೆಲೆ ಎರಕದಿಂದೆರಕಕ್ಕೆ ಶೇಕಡಾ ಹತ್ತರಷ್ಟು ತಪ್ಪಬಹುದು. ಆಗ ಶ್ರುತಿ ಸುಮಾರು 45 ಮೆಗಾಹರ್ಟ್ಸ್ ಸರಿದು, ಫೋನು ಪರರ ಮಾತಿಗೆ ಕಿವಿಗೊಟ್ಟೀತು!

ಸುರುಳಿಯನ್ನು ಟ್ರಾನ್ಸಿಸ್ಟರುಗಳಿಂದ ನಟಿಸುವ ಉಪಾಯವೂ ಉಂಟು. 1948ರಲ್ಲಿ ಹಾಲೆಂಡಿನ ಟೆಲ್ಲೆಗೆನ್ ಸೂಚಿಸಿದ ಗೈರೇಟರ್ ಎಂಬ ಮಂಡಲ ಕಂಡೆನ್ಸರನ್ನೇ ಸುರುಳಿಯಂತೆ ವರ್ತಿಸುವ ಹಾಗೆ ಮಾಡುವುದು. ವೋಲ್ಟೊಂದಕ್ಕೆ ಒಂದು ಮಿಲಿ ಆಂಪಿಯರ್ ಹರಿಸುವ ಟ್ರಾನ್ಸಿಸ್ಟರುಗಳೊಡನೆ ಒಂದು ಪಿಕೊಫ್ಯಾರಡ್ ಸೇರಿದರೆ ಒಂದು ಮೈಕ್ರೊಹೆನ್ರಿ! ಪ್ರವಾಹವನ್ನು ಹೆಚ್ಚು ಕಡಿಮೆ ಮಾಡಿ ಶ್ರುತಿಯನ್ನೂ ಬದಲಿಸಬಹುದು. ಆದರೆ ಟ್ರಾನ್ಸಿಸ್ಟರುಗಳು ತಮ್ಮದೇ ಗದ್ದಲವನ್ನು ಬೆರೆಸುವುವು. ಕ್ಷೀಣವಾದ ಅಲೆ ಬಂದಿಳಿಯುವ ಆಂಟೆನಾದ ಬಾಗಿಲಿನಲ್ಲಿ ಇಂತಹ ವಾಚಾಳಿ ದ್ವಾರಪಾಲಕನು ತಕ್ಕವನಲ್ಲವೆಂದೇ ನಮ್ಮ ಎಣಿಕೆ.

ಇನ್ನೊಂದು ದಾರಿಯಲ್ಲಿ ಸುರುಳಿಯೂ ಇಲ್ಲ, ಅದರ ನಟನೆಯೂ ಇಲ್ಲ. 1960ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಫ್ರಾಂಕ್ಸ್ ಮತ್ತು ಸ್ಯಾಂಡ್‌ಬರ್ಗ್ ಇದನ್ನು ವಿವರಿಸಿದರು. ತಿರುಗುವ ಚಕ್ರವೊಂದರ ಮೇಲೆ ಅರ್ಧ ತುಂಬಿದ ನಾಲ್ಕು ಕೊಡಗಳಿವೆ ಎನ್ನೋಣ. ಒಬ್ಬನು ನಿಂತಲ್ಲೇ ನಿಂತು, ಎದುರಿಗೆ ಬಂದ ಕೊಡಕ್ಕೆ ಒಮ್ಮೆ ನೀರು ಸುರಿಯುತ್ತ, ಒಮ್ಮೆ ಮೊಗೆಯುತ್ತ ಇರುವನು. ಅವನ ತಾಳವೂ ಚಕ್ರದ ಸುತ್ತೂ ಒಂದೇ ಆದರೆ, ಸುರಿಯುವಾಗ ಎಂದೂ ಅದೇ ಕೊಡ, ಮೊಗೆಯುವಾಗ ಎಂದೂ ಅದೇ ಮತ್ತೊಂದು. ಒಂದು ತುಂಬುವುದು, ಇನ್ನೊಂದು ಬರಿದಾಗುವುದು. ತಾಳ ತಪ್ಪಿದರೆ ಪ್ರತಿ ಕೊಡಕ್ಕೂ ಸುರಿತವೂ ಮೊಗೆತವೂ ಸಮನಾಗಿ ಬಿದ್ದು, ಮಟ್ಟ ಇದ್ದಲ್ಲೇ ಇರುವುದು. ಕೊಡಗಳ ಬದಲು ನಾಲ್ಕು ಕಂಡೆನ್ಸರುಗಳು, ಚಕ್ರದ ಬದಲು ಸರದಿಯಂತೆ ಮುಚ್ಚಿ ತೆರೆಯುವ ಟ್ರಾನ್ಸಿಸ್ಟರ್ ಸ್ವಿಚ್ಚುಗಳು. ತಾಳಕ್ಕೆ ಸರಿಯಾದ ಅಲೆಗೆ ಕಂಡೆನ್ಸರುಗಳು ಆಗಲೇ ತುಂಬಿರುವುದರಿಂದ ಅದು ಹೆಚ್ಚು ಕುಂದದೆ ಸಾಗುವುದು. ತಾಳ ತಪ್ಪಿದುದನ್ನು ಅವು ನುಂಗಿಬಿಡುವುವು.

ಕೇಂದ್ರದ ಆವೃತ್ತಿಯನ್ನು ನಿರ್ಣಯಿಸುವುದು ಇಲ್ಲಿ ಸ್ವಿಚ್ಚುಗಳನ್ನು ನಡೆಸುವ ಗಡಿಯಾರ. ಆ ಗಡಿಯಾರ ಕ್ವಾರ್ಟ್ಸ್ ಹರಳಿಗೆ ಕಟ್ಟುಬಿದ್ದಿರುವುದರಿಂದ ದಶಲಕ್ಷದಲ್ಲಿ ಕೆಲವೇ ಅಂಶಗಳಷ್ಟು ತಪ್ಪಬಹುದು. ಕಂಡೆನ್ಸರಿನ ಬೆಲೆ ತಪ್ಪಿದರೂ ಕೆಡುವುದು ಪಟ್ಟಿಯ ಅಗಲ ಮಾತ್ರ. 2011ರಲ್ಲಿ ನೆದರ್ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದ ಘಫ್ಫಾರಿ, ಕ್ಲುಂಪರಿಂಕ್, ಸೋಯರ್, ನೌಟಾ ಅವರು 65 ನ್ಯಾನೊಮೀಟರ್ ಚಿಪ್‌ನಲ್ಲಿ ಕಟ್ಟಿದ ಇಂತಹ ಶೋಧಕವನ್ನು ಪ್ರಕಟಿಸಿದರು. ಅದು 100ರಿಂದ 1000 ಮೆಗಾಹರ್ಟ್ಸ್‌ವರೆಗೆ ಶ್ರುತಿ ಬದಲಿಸಿತು. ಪಟ್ಟಿಯ ಅಗಲ ಎಲ್ಲೆಡೆಯೂ 35 ಮೆಗಾಹರ್ಟ್ಸ್.

ಆದರೂ ಬಿಡಿ ಶೋಧಕಗಳು ಫೋನಿನಿಂದ ತೊಲಗಿಲ್ಲ. ಸ್ವಿಚ್ಚಿನ ರೋಧ 5 ಓಂ, ಆಂಟೆನಾದ್ದು 50 ಓಂ ಆದರೆ, ಬೇಡವಾದ ಅಲೆ ಹನ್ನೊಂದರಲ್ಲಿ ಒಂದಂಶ ಉಳಿದೇ ಉಳಿಯುವುದು. ಸ್ವಿಚ್ಚನ್ನು ಹಿಗ್ಗಿಸಿ ರೋಧವನ್ನಿಳಿಸಿದರೆ ಅದನ್ನು ನಡೆಸಲು ಹೆಚ್ಚು ಶಕ್ತಿ ಬೇಕು. ಬ್ಯಾಟರಿ ಬೇಗ ಬರಿದಾಗುವುದು. ತಾಳಕ್ಕೆ ಮೂರು ಮಡಿಯಾದ ಅಲೆಯೂ ಸ್ವಲ್ಪಮಟ್ಟಿಗೆ ನುಸುಳುವುದು.

ಮರುವಾರ ಆ ವಿದ್ಯಾರ್ಥಿನಿಯೊಡನೆ ಕುಳಿತು 4052 ಎಂಬ ಅಗ್ಗದ ಸ್ವಿಚ್ ಚಿಪ್, 0.1 ಮೈಕ್ರೊಫ್ಯಾರಡ್‌ನ ನಾಲ್ಕು ಕಂಡೆನ್ಸರು, 10 ಕಿಲೊಓಂ ರೋಧ, ಎಣಿಕೆಯ ಮಂಡಲವೊಂದು—ಇಷ್ಟನ್ನು ಜೋಡಿಸಿದೆವು. ಗಡಿಯಾರ 4 ಕಿಲೊಹರ್ಟ್ಸ್ ಇದ್ದಾಗ ಆಸಿಲೋಸ್ಕೋಪಿನಲ್ಲಿ 1 ಕಿಲೊಹರ್ಟ್ಸ್ ಅಲೆ ಎತ್ತರವಾಗಿ ನಿಂತಿತು. ಗಡಿಯಾರವನ್ನು 6ಕ್ಕೇರಿಸಿದೊಡನೆ ಅದು ಕುಸಿದು, 1.5ರ ಅಲೆ ಮೇಲೆದ್ದಿತು. ಆಕೆ ಗುಂಡಿಯನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತಲೇ ಇದ್ದಳು.