ವಿಮಾನದಲ್ಲಿ ನಡುಕ, ಬೈಕ್ ಮೇಲೆ ಹೀರೋ!

ನಿಜ ಹೇಳ್ತೀನಿ ಗೆಳೆಯರೇ, ಮೊದಲ ಸಲ ವಿಮಾನ ಹತ್ತಿದಾಗ ನನ್ನ ಜೀವ ಪುಕಪುಕ ಅಂತಿತ್ತು. ಕಣ್ಣ ಮುಂದೆ ನಮ್ಮ ಸೌಂದರ್ಯ! 2004ರ ಏಪ್ರಿಲ್ 17ರಂದು ಜಕ್ಕೂರಿನಿಂದ ಚುನಾವಣಾ ಪ್ರಚಾರಕ್ಕೆ ಹೊರಟಾಕೆ ತಿರುಗಿ ಬರಲಿಲ್ಲ. ಅದು ಒಂಟಿ ಎಂಜಿನ್ನಿನ ಪುಟ್ಟ ಸೆಸ್ನಾ, ನಾನು ಕೂತಿದ್ದಂಥ ದೊಡ್ಡ ವಿಮಾನವಲ್ಲ. ಆದ್ರೆ ಭಯಕ್ಕೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ?

ಸರಿ, ಶಂಕರಣ್ಣ ಹೋಗಿದ್ದು ಹೇಗೆ? 1990ರ ಸೆಪ್ಟೆಂಬರ್ 30, ದಾವಣಗೆರೆ ಹತ್ತಿರದ ಆನಗೋಡು, ಕಾರು ಅಪಘಾತ. ವಯಸ್ಸು ಬರೀ 35! ಅಂದಿನಿಂದ ಯಾರಾದ್ರೂ ಕಾರು ಹತ್ತೋದು ಬಿಟ್ವಾ?

2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಬಿದ್ದ ವಿಮಾನದೊಳಗಿದ್ದ 241 ಜನ ಸತ್ತರು, ದೇಶವೇ ನಡುಗಿತು. 2022ರಲ್ಲಿ ನಮ್ಮ ರಸ್ತೆಗಳು ನುಂಗಿದ್ದು 1.68 ಲಕ್ಷ ಜನರನ್ನು. ದಿನಕ್ಕೆ ಸುಮಾರು 460! ಹ್ಯಾಂಡಲ್ ನಮ್ಮ ಕೈಲಿದ್ರೆ ಮಾತ್ರ ಎಲ್ಲಿಲ್ಲದ ಧೈರ್ಯ.

ಅವತ್ತು ವಿಮಾನ ಇಳಿದವನೇ ದೇವರಿಗೆ ಕೈಮುಗಿದೆ. ಆಮೇಲೆ? ಹೆಲ್ಮೆಟ್ಟನ್ನ ಟ್ಯಾಂಕಿನ ಮೇಲಿಟ್ಟು, ಸೆಕೆಂಡ್ ಶೋಗೆ ಬೈಕ್ ಓಡಿಸಿದೆ.