ಸರ್ಪಗಂಧಿಯ ಬೇರೂ ನಮ್ಮ ಅಭಿಮಾನವೂ

ಕಳೆದ ತಿಂಗಳು ನಮ್ಮ ಕಾರ್ಯಾಲಯಕ್ಕೆ ಒಂದು ಜಾಹೀರಾತು ಬಂದಿತು. ಸರ್ಪಗಂಧಿಯ ಬೇರಿನ ಚೂರ್ಣವನ್ನು ಸೇವಿಸಿದರೆ ರಕ್ತದ ಒತ್ತಡವು ನಿರ್ಮೂಲವಾಗುವುದೆಂದೂ, ಅದನ್ನು ಕೊಂಡವರು ಮುಂದೆ ಯಾವ ವೈದ್ಯರ ಬಾಗಿಲಿಗೂ ಹೋಗಬೇಕಾದ ಪ್ರಮೇಯವಿಲ್ಲವೆಂದೂ ಅದರಲ್ಲಿ ಒಕ್ಕಣೆಯಿದ್ದಿತು. ನಾವು ಅದನ್ನು ಹಣದೊಡನೆ ಹಿಂದಿರುಗಿಸಿದೆವು. ಕಳುಹಿಸಿದವರಿಂದ ಮರುಟಪಾಲಿನಲ್ಲಿಯೇ ಪತ್ರ ಬಂದಿತು. ಸ್ವದೇಶಿಯ ಹೆಸರನ್ನು ಪ್ರತಿದಿನವೂ ಎತ್ತುವ ಪತ್ರಿಕೆಯು ದೇಶೀಯ ಔಷಧವನ್ನೇ ತಿರಸ್ಕರಿಸಬಹುದೇ ಎಂಬುದು ಅವರ ಆಕ್ಷೇಪ. ಆಕ್ಷೇಪವು ತೀಕ್ಷ್ಣವಾದುದು, ಉತ್ತರ ಕೊಡಬೇಕಾದುದು ನಮ್ಮ ಧರ್ಮ. ಅವರಿಗಿರುವ ಶಂಕೆಯು ನಮ್ಮ ವಾಚಕ ಮಹಾಶಯರಲ್ಲಿ ಅನೇಕರಿಗೂ ಇರಬಹುದಾದುದರಿಂದ, ಆ ಉತ್ತರವನ್ನು ಈ ಅಂಕಣದಲ್ಲಿಯೇ ಬರೆಯುತ್ತಿದ್ದೇವೆ.

ಸರ್ಪಗಂಧಿಯನ್ನು ನಾವು ತಿರಸ್ಕರಿಸಿಲ್ಲ. ಹಾಗೆ ನೋಡಿದರೆ, ಭಾರತೀಯರು ತಲೆಯೆತ್ತಿ ಹೇಳಿಕೊಳ್ಳಬಹುದಾದ ಮೂಲಿಕೆಗಳಲ್ಲಿ ಇದು ಅಗ್ರಗಣ್ಯವಾದುದು. ಹಿಮಾಲಯದ ತಪ್ಪಲಿನಿಂದ ನಮ್ಮ ಸಹ್ಯಾದ್ರಿಯವರೆಗೆ ತೇವವುಳ್ಳ ಕಾಡುಗಳ ನೆರಳಿನಲ್ಲಿ ಈ ಸಣ್ಣ ಗಿಡವು ಬೆಳೆಯುತ್ತದೆ. ಅದರ ಬೇರು ಬಹಳ ಕಹಿ. ಹಾವಿನ ಕಡಿತಕ್ಕೂ, ನಿದ್ರೆ ಬಾರದವರಿಗೂ, ಚಿತ್ತಭ್ರಮೆಯುಳ್ಳವರಿಗೂ ಹಿಂದಿನವರು ಅದನ್ನು ಕೊಡುತ್ತಿದ್ದರು. ಬಿಹಾರದ ಕಡೆಯ ಜನರು ಅದನ್ನು 'ಪಾಗಲ್ ಕೀ ದವಾ', ಎಂದರೆ ಹುಚ್ಚಿನ ಮದ್ದು, ಎಂದೇ ಕರೆಯುತ್ತಿದ್ದರು.

ಈ ಬೇರು ಜಗತ್ತಿನ ವೈದ್ಯಶಾಸ್ತ್ರದಲ್ಲಿ ಸ್ಥಾನ ಪಡೆದ ಕಥೆಗೂ ನಮ್ಮ ರಾಷ್ಟ್ರೀಯ ಚಳವಳಿಗೂ ಸಂಬಂಧವುಂಟು. ದಿಲ್ಲಿಯ ತಿಬ್ಬಿಯಾ ಕಾಲೇಜನ್ನು ೧೯೨೧ನೆಯ ಫೆಬ್ರವರಿ ೧೩ರಂದು ಮಹಾತ್ಮಾ ಗಾಂಧಿಯವರು ಉದ್ಘಾಟಿಸಿದರು. ಅದರ ಸ್ಥಾಪಕರಾದ ಹಕೀಂ ಅಜ್ಮಲ್ ಖಾನರು ಅದೇ ವರ್ಷ ಅಹಮದಾಬಾದಿನ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾದರು. ದೇಶೀಯ ವೈದ್ಯವನ್ನು ಉಳಿಸಬೇಕಾದರೆ ಹೊಗಳಿಕೆಯು ಸಾಲದು, ಪರೀಕ್ಷೆಯು ನಡೆಯಬೇಕು ಎಂಬುದನ್ನು ಅವರು ಕಂಡುಕೊಂಡಿದ್ದರು. ಜರ್ಮನಿಯಲ್ಲಿ ರಸಾಯನಶಾಸ್ತ್ರವನ್ನು ಕಲಿತು ಬಂದ ಸಲೀಮುಜ್ಜಮಾನ್ ಸಿದ್ದಿಕಿಯವರು ಆ ಕಾಲೇಜಿನ ಸಂಶೋಧನಾಲಯದಲ್ಲಿ ಸರ್ಪಗಂಧಿಯ ಬೇರಿನಿಂದ ಹಲವು ಸತ್ತ್ವಗಳನ್ನು ಬೇರ್ಪಡಿಸಿ ೧೯೩೧ರಲ್ಲಿ ಪ್ರಕಟಿಸಿದರು. ೧೯೨೭ರಲ್ಲಿಯೇ ಕಾಲವಾಗಿದ್ದ ಹಕೀಮರ ನೆನಪಿಗಾಗಿ ಅವುಗಳಲ್ಲೊಂದಕ್ಕೆ ಅಜ್ಮಲೀನ್ ಎಂದು ನಾಮಕರಣ ಮಾಡಿದರು.

ಅದೇ ೧೯೩೧ರಲ್ಲಿ ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು ಈ ಬೇರು ಚಿತ್ತವಿಕಾರವನ್ನು ಶಾಂತಗೊಳಿಸುವುದಲ್ಲದೆ ರಕ್ತದ ಒತ್ತಡವನ್ನೂ ಇಳಿಸುವುದೆಂದು ಬರೆದರು. ೧೯೩೩ರಲ್ಲಿ ಅದೇ ನಗರದ ರಾಮನಾಥ ಚೋಪ್ರಾ ಮತ್ತು ಅವರ ಸಂಗಡಿಗರು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ ಒತ್ತಡವು ಇಳಿಯುವುದನ್ನು ಸ್ಥಿರಪಡಿಸಿದರು. ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲರು ೫೦ ಮಂದಿ ರೋಗಿಗಳಿಗೆ ಕೊಟ್ಟು, ಒತ್ತಡವನ್ನು ಅಳೆದು, ಫಲಿತಾಂಶವನ್ನು ೧೯೪೯ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಆಗ ಪಾಶ್ಚಾತ್ಯರ ಕಣ್ಣು ತೆರೆಯಿತು. ೧೯೫೨ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸೀಬಾ ಎಂಬ ಕಂಪೆನಿಯ ರಸಾಯನಜ್ಞರು ಬೇರಿನ ಮುಖ್ಯ ಸತ್ತ್ವವಾದ ರಿಸರ್ಪಿನ್ನನ್ನು ಬೇರ್ಪಡಿಸಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಅಮೆರಿಕೆಯ ಮಾನಸಿಕ ಆಸ್ಪತ್ರೆಗಳೂ ಅದನ್ನು ಬಳಸತೊಡಗಿದವು.

ಬೇರು ನಮ್ಮದು, ಅನುಭವ ನಮ್ಮದು, ಮೊದಲ ಪರೀಕ್ಷೆಗಳೂ ನಮ್ಮವರವೇ. ಮಾತ್ರೆಯ ಲಾಭ ಮಾತ್ರ ಬಾಸೆಲಿಗೆ ಹೋಯಿತು. ಇದಕ್ಕಾಗಿ ನಾವೂ ವ್ಯಥೆಪಡುತ್ತೇವೆ. ಆದರೆ ಈ ವ್ಯಥೆಯಿಂದ ಕಲಿಯಬೇಕಾದ ಪಾಠವಾವುದು? ಅಜ್ಮಲ್ ಖಾನರಾಗಲಿ ವಕೀಲರಾಗಲಿ 'ನಮ್ಮ ಪೂರ್ವಿಕರದಾದ್ದರಿಂದ ಇದು ನಿರಪಾಯ' ಎಂದು ಹೇಳಿ ಸುಮ್ಮನಾಗಲಿಲ್ಲ. ತೂಗಿದರು, ಅಳೆದರು, ಬರೆದಿಟ್ಟರು. ನಮಗೆ ಬಂದ ಜಾಹೀರಾತಿನಲ್ಲಿ ಇಲ್ಲದಿದ್ದುದು ಈ ಮೂರೇ.

ಅಳತೆಯಿಲ್ಲದ ಸರ್ಪಗಂಧಿಯಿಂದ ಆಗತಕ್ಕ ಕೇಡು ಅಲ್ಪವಾದುದಲ್ಲ. ನರಗಳ ತುದಿಯಲ್ಲಿ ಸಂಗ್ರಹವಾಗಿರುವ ಕೆಲವು ದ್ರವ್ಯಗಳನ್ನು ರಿಸರ್ಪಿನ್ ಬರಿದುಮಾಡುತ್ತದೆ. ರಕ್ತನಾಳಗಳು ಸಡಿಲುವುದೂ, ಒತ್ತಡವು ಇಳಿಯುವುದೂ ಅದರಿಂದಲೇ. ಆದರೆ ನಾಡಿಯು ಮಂದವಾಗುವುದೂ, ಮೂಗು ಕಟ್ಟುವುದೂ, ಸದಾ ತೂಕಡಿಕೆ ಬರುವುದೂ, ಜಠರದ ಹುಣ್ಣು ಕೆರಳುವುದೂ ಅದೇ ಕಾರಣದಿಂದ. ಕೆಲವರ ಮನಸ್ಸು ಗಾಢವಾದ ವಿಷಾದಕ್ಕೆ ಇಳಿದುದನ್ನು ೧೯೫೦ರ ದಶಕದಲ್ಲಿಯೇ ವೈದ್ಯರು ದಾಖಲೆ ಮಾಡಿದರು; ಆದಕಾರಣ ಅಂತಹ ವ್ಯಾಧಿಯಿದ್ದವರಿಗೆ ಅದನ್ನು ಕೊಡಕೂಡದೆಂಬ ನಿಯಮವಾಯಿತು. ಅಜ್ಮಲೀನ್ ಹೃದಯದ ಬಡಿತದ ಮೇಲೆಯೇ ಕೆಲಸ ಮಾಡತಕ್ಕದ್ದು. ಹೃದಯದ ಒಂದು ಗುಪ್ತವ್ಯಾಧಿಯನ್ನು ಪತ್ತೆಹಚ್ಚಲು ಈಗಲೂ ಕೆಲವು ದೇಶಗಳ ಆಸ್ಪತ್ರೆಗಳಲ್ಲಿ ಅದನ್ನು ಸೂಜಿಯ ಮೂಲಕ ಕೊಡುವುದುಂಟು. ಆಗ ಹೃದಯವನ್ನು ಕಾಯುವ ಯಂತ್ರಗಳನ್ನು ಪಕ್ಕದಲ್ಲಿಯೇ ಇಟ್ಟುಕೊಂಡಿರುತ್ತಾರೆ. ಇಂತಹ ಸತ್ತ್ವಗಳು ಐವತ್ತಕ್ಕೂ ಹೆಚ್ಚಾಗಿರುವ ಬೇರನ್ನು ಚಮಚದಲ್ಲಿ ಅಂದಾಜು ಮಾಡಿ ನುಂಗುವುದು ವಿವೇಕವೇ?

ಅದರ ಮೇಲೆ, ಬೇರಿನಲ್ಲಿರುವ ಸತ್ತ್ವದ ಪ್ರಮಾಣವು ಬೆಳೆದ ಸ್ಥಳ, ಕಿತ್ತ ಕಾಲ, ಗಿಡದ ವಯಸ್ಸು ಇವನ್ನನುಸರಿಸಿ ಹೆಚ್ಚುಕಡಮೆಯಾಗುತ್ತದೆ. ಅದೇ ಕುಲದ ಬೇರೆ ಗಿಡಗಳ ಬೇರನ್ನು ಇದರೊಡನೆ ಬೆರಸಿ ಮಾರುವುದೂ ಉಂಟು. ಪುಡಿಯಾದ ಮೇಲೆ ಯಾವುದು ಯಾವುದೆಂದು ಕೊಳ್ಳುವವನಿಗೆ ತಿಳಿಯುವ ಬಗೆಯಿಲ್ಲ.

ನಮ್ಮ ಹಿತೈಷಿಗಳಾದ ನಿವೃತ್ತ ಅಧಿಕಾರಿಗಳೊಬ್ಬರು ಇಂತಹ ಚೂರ್ಣವನ್ನು ನಂಬಿ, ಡಾಕ್ಟರು ಕೊಟ್ಟ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಿದರು. ಮೊದಲು ಸುಖವಾಗಿಯೇ ಇದ್ದರು. ರಕ್ತದ ಒತ್ತಡವು ಮೌನವಾದ ವ್ಯಾಧಿಯಲ್ಲವೇ? ಮೂರನೆಯ ತಿಂಗಳು ಅವರ ಬಲಗೈ ಮತ್ತು ಮಾತು ಎರಡೂ ಬಿದ್ದುಹೋದುವು. ಚೂರ್ಣದಲ್ಲಿ ಏನಿತ್ತು, ಏನಿರಲಿಲ್ಲ ಎಂಬುದನ್ನು ಯಾರೂ ಪರೀಕ್ಷಿಸಲಿಲ್ಲ. ಜಾಹೀರಾತನ್ನು ಕೈಯಲ್ಲಿ ಹಿಡಿದಾಗ ನಮ್ಮ ಕಣ್ಣ ಮುಂದೆ ಬಂದುದು ಅವರ ಮುಖ. ಅಲ್ಲದೆ, ರಕ್ತದ ಒತ್ತಡವನ್ನು ಗುಣಪಡಿಸುವುದಾಗಿ ಸಾರುವ ಜಾಹೀರಾತುಗಳನ್ನು ೧೯೫೪ರ ಕಾಯಿದೆಯು ನಿಷೇಧಿಸಿದೆ. ಆ ಕಾಯಿದೆಯು ಇಲ್ಲದಿದ್ದರೂ ನಾವು ಅದನ್ನು ಅಚ್ಚು ಹಾಕುತ್ತಿರಲಿಲ್ಲ.

ಇನ್ನೊಂದು ಮಾತು. ಬೇರನ್ನು ಕಿತ್ತರೆ ಗಿಡವೇ ಸಾಯುತ್ತದೆ. ಹೊರದೇಶಗಳ ಬೇಡಿಕೆಗಾಗಿ ನಮ್ಮ ಕಾಡುಗಳಿಂದ ಸರ್ಪಗಂಧಿಯನ್ನು ಅಗೆದು ಸಾಗಿಸಿದ್ದರ ಫಲವಾಗಿ ಅದು ಅಪರೂಪವಾಯಿತು. ೧೯೯೦ರಲ್ಲಿ ಅದರ ವ್ಯಾಪಾರವನ್ನು ಅಂತರರಾಷ್ಟ್ರೀಯ ಒಪ್ಪಂದದ ನಿರ್ಬಂಧಕ್ಕೆ ಒಳಪಡಿಸಬೇಕಾಯಿತು. ತೋಟದಲ್ಲಿ ಬೆಳೆಯದೆ ಕಾಡಿನಿಂದ ಕದ್ದ ಬೇರನ್ನು ಮಾರಿ ಸ್ವದೇಶಿಯೆಂದು ಹೇಳಿಕೊಳ್ಳುವುದು ಸ್ವದೇಶಕ್ಕೆ ಬಗೆಯುವ ದ್ರೋಹವೇ ಸರಿ.

ಆದಕಾರಣ ನಮ್ಮ ಬಿನ್ನಹವಿಷ್ಟೆ. ಪಂಡಿತರ ಔಷಧವನ್ನು ಸೇವಿಸುವವರು ಸೇವಿಸಲಿ. ಆದರೆ ಅದನ್ನು ತಮ್ಮ ಡಾಕ್ಟರರಿಂದ ಮುಚ್ಚಿಡದಿರಲಿ, ಅವರನ್ನು ಕೇಳದೆ ಮಾತ್ರೆಯನ್ನು ಬಿಡದಿರಲಿ. ಅಧಿಕಾರದಲ್ಲಿರುವ ಮಹನೀಯರು ಗ್ರಂಥಿಗೆ ಅಂಗಡಿಯ ಚೂರ್ಣಗಳನ್ನೂ ಪರೀಕ್ಷಾಲಯಕ್ಕೆ ಕಳುಹಿಸುವ ಪದ್ಧತಿಯನ್ನು ಬಿಗಿಗೊಳಿಸಲಿ. ರೈತರು ಈ ಗಿಡವನ್ನು ಬೆಳೆಯಲು ಬೇಕಾದ ಬೀಜವನ್ನೂ ತಿಳಿವಳಿಕೆಯನ್ನೂ ಒದಗಿಸಲಿ. ಆಕ್ಷೇಪ ಬರೆದ ಮಹಾಶಯರು ತಮ್ಮ ಬೇರು ಎಲ್ಲಿ ಬೆಳೆದುದು, ಅದರಲ್ಲಿ ಸತ್ತ್ವವೆಷ್ಟು, ಯಾರು ಪರೀಕ್ಷಿಸಿದರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಕಳುಹಿಸಿಕೊಡಲಿ. ಅದನ್ನು ನಾವು ಹಣವಿಲ್ಲದೆಯೇ ಪ್ರಕಟಿಸುವೆವು.